ಅರ್ಧ ಮೂಗಿನ ಚಳಿಗಾಲ

ಮೇ 19, ಸೋಮವಾರ

ಮೂಗಿನ ಡಾಕ್ಟರು ದಿನಚರಿ ಬರೆಯಲು ಹೇಳಿದ್ದಾರೆ. ದಿನಕ್ಕೆ ಎರಡು ಸಲ ನಾಲ್ಕು ಸೀಸೆ ಮೂಸಬೇಕು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಏನು ಸಿಕ್ಕಿತೋ ಅದನ್ನು ಬರೆದಿಡಬೇಕು. ಸರಿ, ಬರೆಯುತ್ತೇನೆ. ಗುಲಾಬಿ: ಇಲ್ಲ. ನಿಂಬೆ: ಇಲ್ಲ. ಲವಂಗ: ಇಲ್ಲ. ನೀಲಗಿರಿ: ಕಣ್ಣು ಉರಿಯಿತು, ಅಷ್ಟೇ.

ಏಪ್ರಿಲ್ ಜ್ವರದಲ್ಲಿ ಹೋದ ವಾಸನೆ ಇನ್ನೂ ಬಂದಿಲ್ಲ. ಐವತ್ತೆಂಟು ವರ್ಷ ಜೊತೆಗಿದ್ದ ಮೂಗು ಹೇಳದೆ ಕೇಳದೆ ಕೈಕೊಟ್ಟಿತು. ಹೋದರೆ ಹೋಗಲಿ ಅನ್ನಲು ನಾನೇನು ಬಸ್ ಓಡಿಸುವವಳೇ? ಇಪ್ಪತ್ತಾರು ವರ್ಷದಿಂದ ವಯಸ್ಸಾದವರ ವಸತಿಗೃಹದಲ್ಲಿ ಅಡುಗೆಯವಳು. ಕಳೆದ ತಿಂಗಳು ಅಕ್ಕಿ ಪಾಯಸದ ಹಾಲು ತಳ ಹಿಡಿದದ್ದು ನನಗೆ ತಿಳಿಯಲೇ ಇಲ್ಲ. ಮೂವತ್ತೆಂಟು ಬಟ್ಟಲು ಹಂಚಿಬಿಟ್ಟೆ. ಒಬ್ಬರೂ ತಿನ್ನಲಿಲ್ಲ. ಅಡುಗೆಮನೆಯ ಮೇಲ್ವಿಚಾರಕಿ ಗ್ಲೆನಿಸ್ ನನ್ನನ್ನು ಪಾತ್ರೆ ತೊಳೆಯುವ ಕೋಣೆಗೆ ಹಾಕಿದಳು.

"ಆಗಸ್ಟ್ ಕೊನೆವರೆಗೂ ಕಾಯ್ತೀನಿ ಫ್ರೋಸೋ," ಎಂದಳು. "ಮೂಗು ವಾಪಸ್ ಬಂದ್ರೆ ಒಲೆ ನಿಂದೇ. ಬರ್ಲಿಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಹಬ್ಬ ಮಾಡಲೇ?

ಮೇ 24, ಶನಿವಾರ

ತಂಗಿ ಪೋಪಿ ಸಲೂನು ಮುಚ್ಚಿ ಸೀದಾ ನನ್ನ ಮನೆಗೆ ಬಂದಳು. ನಾನು ಸೀಸೆಗಳ ಮುಂದೆ ಕೂತಿದ್ದೆ.

"ಅಕ್ಕಾ, ಹೀಗೆ ಬಾಟ್ಲಿ ಮೂಸ್ಕೊಂಡು ಕೂತಿದ್ರೆ ಬೆಕ್ಕೂ ಮನೆ ಬಿಟ್ಟು ಹೋಗತ್ತೆ. ಎದ್ದೇಳು, ಚಳಿಗಾಲ ಶುರುವಾಯ್ತು, ಕೋಟ್ ಹಾಕ್ಕೋ."

"ಎಲ್ಲಿಗೆ?"

"ಮೂಸೋದೇ ಕೆಲಸ ಆಗಿರೋ ಕಡೆ."

ಸಿಡೆನಮ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೊದಲು ಕಾರಿನ ಬ್ರೇಕು ರಿಪೇರಿ ಮಾಡುತ್ತಿದ್ದ ಶೆಡ್ಡು ಈಗ ಬಿಯರ್ ಕುದಿಸುವ ಜಾಗವಾಗಿದೆ. ಬಾಗಿಲ ಮೇಲೆ ಏನೋ ಹೆಸರಿದೆ. ಎಲ್ಲರೂ ಕರೆಯುವುದು ಶೆಡ್ಡು ಎಂದೇ. ಗಂಡ ಹೆಂಡತಿ ನಡೆಸುತ್ತಾರೆ. ಡೂಗಲ್ ಕುದಿಸುವವನು, ಬಾಗಿಲಿನಷ್ಟು ಅಗಲ, ಗಡ್ಡದ ತುಂಬ ಬಾರ್ಲಿ ಹಿಟ್ಟು. ಥಾವ್ ಸುರಿದು ಕೊಡುವವಳು, ಸಣ್ಣ ಮೈ, ಕಣ್ಣು ಮಾತ್ರ ಹದ್ದಿನದು. ತೂತು ಕೊರೆದ ಮರದ ಪಟ್ಟಿಯಲ್ಲಿ ನಾಲ್ಕು ಪುಟ್ಟ ಲೋಟ ಇಟ್ಟು ತಂದಳು.

"ಮೂಸಿ, ಕುಡೀರಿ, ಏನನ್ಸತ್ತೋ ಹೇಳಿ," ಎಂದಳು.

ನನಗೆ ಅನಿಸಿದ್ದು ತಣ್ಣಗಿದೆ ಎಂದು. ಆದರೆ ಅವಳ ಬೆನ್ನ ಹಿಂದೆ ಕರಿಹಲಗೆಯಲ್ಲಿ ಪ್ರತಿ ಬಿಯರಿನ ಎದುರು ಅದರ ಪರಿಮಳ ಏನೆಂದು ಬರೆದಿತ್ತು. ಓದಿದೆ. "ಕಿತ್ತಳೆ ಸಿಪ್ಪೆ," ಎಂದೆ. "ಆಮೇಲೆ ಸ್ವಲ್ಪ ಪೈನ್ ಮರ."

"ಅರೆ, ಒಳ್ಳೆ ಮೂಗು!" ಎಂದ ಡೂಗಲ್.

ಎರಡು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಮೂಗನ್ನು ಹೊಗಳಿದರು. ಸುಳ್ಳೇ ಆದರೂ ಹಿತವಾಯಿತು.

ಮೇ 31, ಶನಿವಾರ

ಪೋಪಿ ಇಲ್ಲದೆ ಒಬ್ಬಳೇ ಹೋದೆ. ನಾಲ್ಕಕ್ಕೆ ನಾಲ್ಕೂ ಸರಿಯಾಗಿ ಹೇಳಿದೆ. ಕರಿಹಲಗೆಯನ್ನು ನೇರವಾಗಿ ನೋಡಬಾರದು. ಲೋಟವನ್ನು ಬೆಳಕಿಗೆ ಹಿಡಿಯುವ ನೆಪದಲ್ಲಿ ನೋಡಬೇಕು. ಗ್ಲೆನಿಸ್ ಮುಂದೆಯೂ ಹೀಗೇ ಮಾಡಿದರಾಯಿತು. ಹಾಲಿಗೆ ತಾರೀಕು ಇರುತ್ತದೆ, ಒಲೆಗೆ ಗಡಿಯಾರ ಇದೆ. ಮೂಗು ಬಂದಿದೆ ಎಂದು ಹೇಳಿ ಒಲೆ ಹಿಡಿದರೆ ಯಾರು ಬಂದು ನನ್ನ ಮೂಗಿನೊಳಗೆ ಇಣುಕುತ್ತಾರೆ?

ಜೂನ್ 3, ಮಂಗಳವಾರ

ಗುಲಾಬಿ ಇಲ್ಲ, ನಿಂಬೆ ಇಲ್ಲ, ಲವಂಗ ಇಲ್ಲ. ತಟ್ಟೆಗಳು ಮಾತ್ರ ಇವೆ, ಮುಗಿಯುವುದೇ ಇಲ್ಲ.

ಜೂನ್ 14, ಶನಿವಾರ

ಸಿಕ್ಕಿಬಿದ್ದೆ.

ಮೊದಲ ಲೋಟ ಎತ್ತಿ, ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿ, "ಕಿತ್ತಳೆ ಸಿಪ್ಪೆ, ಪೈನ್," ಎಂದೆ. ನಟನೆಗೆ ಬಹುಮಾನ ಕೊಡಬೇಕಿತ್ತು.

ಥಾವ್ ನನ್ನನ್ನೇ ನೋಡಿದಳು. "ಇನ್ನೊಂದ್ಸಲ ಮೂಸಿ ನೋಡಿ."

"ಕಿತ್ತಳೆನೇ."

"ಆ ಪೀಪಾಯಿ ಮಧ್ಯಾಹ್ನಾನೇ ಖಾಲಿಯಾಯ್ತು. ಬೋರ್ಡ್ ಅಳಿಸೋಕೆ ಮರ್ತಿದೀನಿ. ಇದು ಹೊಗೇಲಿ ಒಣಗಿಸಿದ ಬಾರ್ಲೀದು. ಪಕ್ಕದ ಮೇಜಿನೋರು, ಒಳಗೆ ಹಂದಿ ಸುಡ್ತಿದೀರಾ ಅಂತ ಕೇಳಿದ್ರು."

ಇಂಗು ತಿಂದ ಮಂಗನ ಹಾಗೆ ಕೂತೆ. ಆಮೇಲೆ, ಯಾಕೋ, ಸುಳ್ಳಿನ ಮೇಲೆ ಸುಳ್ಳು ಪೇರಿಸುವ ಶಕ್ತಿ ಸಾಲಲಿಲ್ಲ. "ನನಗೆ ಮೂಗು..." ಎಂದು ಶುರುಮಾಡಿದೆ, ಅಷ್ಟರಲ್ಲಿ ವಿಮಾನ ಬಂತು. ವಿಮಾನ ನಿಲ್ದಾಣದ ಪಕ್ಕದ ನಮ್ಮ ಮ್ಯಾರಿಕ್‌ವಿಲ್‌ನಲ್ಲಿ ವಿಮಾನ ಸೂರು ಸವರಿಕೊಂಡೇ ಇಳಿಯುತ್ತದೆ. ಆಗ ಎಲ್ಲರೂ ಮಾತನ್ನು ಇದ್ದಲ್ಲೇ ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ಪದ್ಧತಿ. ಎದುರಿಗಿದ್ದವರು ಕಾಯುತ್ತಾರೆ, ಮರೆಯುವುದಿಲ್ಲ. ಥಾವ್ ಕಾದಳು, ಡೂಗಲ್ ಕಾದ, ಪಕ್ಕದ ಮೇಜಿನವರೂ ಕಾದರು. ಅರ್ಧ ನಿಮಿಷ ಆ ಅರ್ಧ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೆ. ನುಂಗುವ ಹಾಗಿರಲಿಲ್ಲ.

"...ಇಲ್ಲ," ಎಂದೆ.

"ಅಂದ್ರೆ ಇಷ್ಟು ದಿನ ನಮ್ಮ ಬೋರ್ಡನ್ನ ನಮಗೇ ಓದಿ ಹೇಳ್ತಿದ್ರಾ!" ಡೂಗಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಚೀಲ ಎತ್ತಿಕೊಂಡು ಎದ್ದೆ. ಥಾವ್ ನಗಲಿಲ್ಲ. ತೋಳು ಹಿಡಿದು ಒಳಗೆ ಕರೆದೊಯ್ದು, ಒಣಗಿಸಿದ ಹಾಪ್ಸ್ ಹೂಗಳನ್ನು ಅಂಗೈಗೆ ಹಾಕಿ ಉಜ್ಜಲು ಹೇಳಿದಳು. ಬಿಯರಿಗೆ ಕಹಿಯೂ ಪರಿಮಳವೂ ಬರುವುದು ಆ ಹೂಗಳಿಂದ.

"ಏನ್ ಸಿಕ್ತು?"

"ಏನೂ ಇಲ್ಲ."

"ಏನೂ ಇಲ್ಲ ಅನ್ನೋದೂ ಉತ್ತರಾನೇ. ಸಿಕ್ಕಿದ್ದನ್ನ ಹೇಳಿ, ಸಿಕ್ಕದೆ ಇದ್ದದ್ದನ್ನ ಹೇಳ್ಬೇಡಿ. ಇಲ್ಲಿ ಇರೋ ನಿಯಮ ಅದೊಂದೇ."

ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ.

ಜೂನ್ 28, ಶನಿವಾರ

ಹೋದೆ. ಎರಡು ವಾರ ತಡೆದುಕೊಂಡೆ, ಮನೆಯಲ್ಲಿ ಮಾಡುವುದೇನಿದೆ? ಥಾವ್ ಏನೂ ಆಗಿಲ್ಲವೆಂಬಂತೆ, "ಬನ್ನಿ ಫ್ರೋಸಕ್ಕ, ನಿಮಗೇ ಕಾಯ್ತಿದ್ವಿ," ಎಂದಳು. ಅವಳು ಹುಟ್ಟಿ ಬೆಳೆದ ದೇಶದಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ನಾಲ್ಕು ಲೋಟ ಇಟ್ಟು, ನನ್ನನ್ನು ಬೋರ್ಡಿಗೆ ಬೆನ್ನು ಹಾಕಿಸಿ ಕೂರಿಸಿದಳು.

ಅಂಗಡಿ ಖಾಲಿಯಾದ ಮೇಲೆ ಅವರು ಬಿಯರ್ ಪರೀಕ್ಷೆ ಮಾಡುವ ರೀತಿ ನೋಡಿದೆ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಮೂವರು ಮೂಸಬೇಕು. ಎಲ್ಲರೂ ಚೀಟಿಯಲ್ಲಿ ಬರೆಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ.

"ಇಷ್ಟೆಲ್ಲ ರಗಳೆ ಯಾಕೆ? ಮಾಡಿದವನು ನೀನೇ, ನೀನೇ ಮೂಸಿದ್ರೆ ಆಗಲ್ವಾ?" ಎಂದು ಡೂಗಲನನ್ನು ಕೇಳಿದೆ.

"ನಂಗೆ ಬೆಣ್ಣೆ ವಾಸ್ನೆ ಬರಲ್ಲ ಮಾರಾಯ್ತಿ. ಹುಟ್ಟಿದಾಗಿಂದ್ಲೂ."

"ಬಿಯರಲ್ಲಿ ಬೆಣ್ಣೆ ಯಾಕಿರತ್ತೆ?"

"ಯೀಸ್ಟಿಗೆ ಕೆಲಸ ಮುಗಿಸೋಕೆ ಟೈಮ್ ಕೊಡ್ದಿದ್ರೆ ಇರತ್ತೆ. ಮೊದಲನೇ ವರ್ಷ ಒಂದಿಡೀ ಟ್ಯಾಂಕು ಬೆಣ್ಣೆ ಬಿಸ್ಕತ್ತಿನ ನೀರು ಮಾಡಿ ಊರಿಗೆಲ್ಲ ಕುಡಿಸಿದೀನಿ. ನಂಗೇನೋ ಅಮೃತ ಅನ್ಸಿತ್ತು. ಈಗ ಬೆಣ್ಣೆಗೆ ಥಾವ್ ಮೂಗು. ಅವಳಿಗೆ ಗಂಧಕ ಗೊತ್ತಾಗಲ್ಲ, ಅದಕ್ಕೆ ನಾನು. ಪೂರ್ತಿ ಮೂಗಿರೋ ಒಬ್ಬ ಮನುಷ್ಯನ್ನ ನಾನಿನ್ನೂ ನೋಡಿಲ್ಲ."

ಪಾಪ, ಒಳ್ಳೆಯವರು. ಆದರೆ ಅಡುಗೆಮನೆಯಲ್ಲಿ ಹೀಗೆ ಚೀಟಿ ಬರೆದುಕೊಂಡು ಕೂತರೆ ಊಟ ಆದ ಹಾಗೆಯೇ! ಇಪ್ಪತ್ತಾರು ವರ್ಷದಲ್ಲಿ ನನ್ನ ಪಾತ್ರೆಗೆ ಇನ್ನೊಬ್ಬರ ಚಮಚ ಬಿಟ್ಟವಳಲ್ಲ ನಾನು.

ಜುಲೈ 9, ಬುಧವಾರ

ಬೆಳಿಗ್ಗೆ ಕಾಫಿ ಸುಟ್ಟ ಟಯರಿನ ಹಾಗೆ ನಾತ ಹೊಡೆಯಿತು!

ಸಿಂಕಿಗೆ ಸುರಿದೆ. ಇನ್ನೊಂದು ಮಾಡಿದೆ. ಅದೂ ಟಯರೇ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಖುಷಿಗೆ. ಟಯರೋ ಸಗಣಿಯೋ, ಏನೋ ಒಂದು ಬಂತಲ್ಲ. ಡಾಕ್ಟರಿಗೆ ಫೋನು ಮಾಡಿದರೆ, ಮೂಗು ಏಳುವಾಗ ಹೀಗೆ ತಪ್ಪು ತಪ್ಪಾಗಿ ಹೇಳುತ್ತದೆ, ನಂಬಬೇಡಿ, ಅಭ್ಯಾಸ ಬಿಡಬೇಡಿ ಎಂದರು.

ಮೊದಲು ಫೋನು ಮಾಡಿದ್ದು ಡಾಕ್ಟರಿಗಲ್ಲ, ಥಾವ್‌ಗೆ. "ಟಯರು! ಫ್ರೋಸಕ್ಕ, ಟಯರು!" ಎಂದು ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಜುಲೈ 26, ಶನಿವಾರ

ಇವತ್ತಿನದು ಪೂರ್ತಿ ಬರೆಯಬೇಕು, ಒಂದೂ ಬಿಡಬಾರದು. ಅಂಗೈಯಲ್ಲಿ ಉಜ್ಜಿದ ಹಾಪ್ಸ್ ಹೂವಿನಲ್ಲಿ ಮೊದಲು ಏನೂ ಇಲ್ಲ, ಆಮೇಲೆ ಹಸಿ ಹುಲ್ಲು, ಆಮೇಲೆ ಒಂದು ಕ್ಷಣ, ಒಂದೇ ಕ್ಷಣ, ಕಿತ್ತಳೆ ಸಿಪ್ಪೆ. ನಿಜವಾದ ಕಿತ್ತಳೆ, ಬೋರ್ಡಿನದಲ್ಲ. ಹುರಿದ ಬಾರ್ಲಿಯಲ್ಲಿ ಬ್ರೆಡ್ಡಿನ ಹೊರಪದರ. ಕಪ್ಪು ಬಿಯರಿನಲ್ಲಿ ಏನೂ ಇಲ್ಲ. ಏನೂ ಇಲ್ಲ ಎಂದೇ ಹೇಳಿದೆ.

ಥಾವ್ ನೆಗಡಿ ತಂದುಕೊಂಡಿದ್ದಾಳೆ, ಆದರೂ ನನ್ನ ಎದುರು ಕೂತು ಒಂದೊಂದೇ ಲೋಟ ಎತ್ತಿಕೊಟ್ಟಳು. ಇವರಿಗೆ ನಾನು ಯಾರು? ನಾಲ್ಕು ಗುಟುಕು ಕುಡಿದು ಎರಡು ತಾಸು ಜಾಗ ಹಿಡಿಯುವ ಗಿರಾಕಿ. ಇವರ ಋಣ ಯಾವ ಜನ್ಮದ್ದೋ.

ಸೊಪ್ಪು, ಚೀಸು ಹಾಕಿದ ಕಡುಬು ಒಯ್ದಿದ್ದೆ. ಉಪ್ಪು ಸರಿಯೋ ಎಂದು ಬೆಳಿಗ್ಗೆ ಪೋಪಿಯನ್ನು ಕರೆಸಿ ಹೂರಣ ತಿನ್ನಿಸಿದೆ. ಜಾಸ್ತಿ ಎಂದಳು, ಇನ್ನಷ್ಟು ಸೊಪ್ಪು ಹಾಕಿದೆ. ಡೂಗಲ್ ಒಬ್ಬನೇ ಆರು ತಿಂದ.

ಆಗಸ್ಟ್ 9, ಶನಿವಾರ

ಶೆಡ್ಡಿಗೆ ದೊಡ್ಡ ವಾರ. ಡೂಗಲ್ ಮೂರು ತಿಂಗಳಿಂದ ಮಾಡುತ್ತಿದ್ದ ಲಾಗರ್ ಎಂಬ ಹೊಂಬಣ್ಣದ ಬಿಯರು ತಯಾರಾಗಿದೆ. ಬುಧವಾರ ಬಿಯರನ್ನು ಡಬ್ಬಿಗೆ ತುಂಬುವ ಯಂತ್ರದ ಲಾರಿ ಬರುತ್ತದೆ. ಆ ಲಾರಿ ಊರಲ್ಲಿರುವುದೇ ಒಂದು, ತಿಂಗಳ ಮೊದಲೇ ಹೇಳಿಡಬೇಕು. ಮೊದಲ ಸಲ ಅವರ ಬಿಯರು ಹನ್ನೊಂದು ಅಂಗಡಿಗೆ ಹೋಗುತ್ತದಂತೆ.

ಟ್ಯಾಂಕಿನಿಂದ ನೇರ ಹಿಡಿದು ನನಗೂ ಒಂದು ಲೋಟ ಕೊಟ್ಟರು. ಹಿಮದಷ್ಟು ತಣ್ಣಗಿತ್ತು. ಎಲ್ಲರೂ ಗಟಗಟ ಕುಡಿದು ಚಪ್ಪಾಳೆ ತಟ್ಟಿದರು. ನಾನು ಮಾತಾಡುತ್ತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಮೂಸಿದರೆ ಬೆಣ್ಣೆ. ಬಾಣಲೆಯಲ್ಲಿ ಕರಗುತ್ತಿರುವ ಬೆಣ್ಣೆ.

ಥಾವ್‌ಗೆ ನೆಗಡಿ ಇನ್ನೂ ಬಿಟ್ಟಿಲ್ಲ. ಡೂಗಲನಿಗೆ ಬೆಣ್ಣೆಯೇ ತಿಳಿಯುವುದಿಲ್ಲ. ನನಗೋ, ಕಾಫಿ ಟಯರಾಗುತ್ತದೆ, ಸೋಪು ಮೀನಾಗುತ್ತದೆ. ಇಂಥ ಮೂಗನ್ನು ನಂಬಿ ಹನ್ನೊಂದು ಅಂಗಡಿಯ ಬಿಯರನ್ನು ತಡೆಯಲೇ?

"ಹೇಗಿದೆ ಫ್ರೋಸೋ?" ಎಂದು ಡೂಗಲ್ ಕೇಳಿದ. ಮುಖ ಮದುವೆ ಗಂಡಿನದು.

"ಚೆನ್ನಾಗಿದೆ," ಎಂದೆ.

ಆಗಸ್ಟ್ 12, ಮಂಗಳವಾರ

ಸಿಕ್ಕಿದ್ದನ್ನು ಹೇಳಿ ಎಂಬುದು ಅವರ ಒಂದೇ ಒಂದು ನಿಯಮ. ಉಪಕಾರ ಮಾಡಿದವರ ಮುಂದೆಯೇ ಅದನ್ನು ಮುರಿದೆ. ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ ಶೆಡ್ಡಿಗೆ ಓಡಿದೆ. ಡೂಗಲ್ ಖಾಲಿ ಡಬ್ಬಿಗಳ ಗೋಪುರದ ನಡುವೆ ನಿಂತಿದ್ದ.

"ಶನಿವಾರ ನಾನು ಸುಳ್ಳು ಹೇಳ್ದೆ. ಲಾಗರಲ್ಲಿ ಬೆಣ್ಣೆ ಇದೆ. ಇದೆ ಅಂತ ಅನ್ಸತ್ತೆ. ನನ್ನ ಮೂಗು ನಿಂಗೆ ಗೊತ್ತಲ್ಲ, ತಪ್ಪೂ ಇರಬಹುದು."

ಬೈಯುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬೆಳ್ಳಗಾಯಿತು, ಅಷ್ಟೇ. "ಥಾವ್! ನೀರು ಬಿಸಿಗಿಡು," ಎಂದು ಕೂಗಿದ.

ಒಂದು ಸೀಸೆ ಲಾಗರನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮತ್ತೆ ಮಂಜುಗಡ್ಡೆಯಲ್ಲಿ ತಣಿಸಬೇಕು. ಬೆಣ್ಣೆ ಒಳಗೆ ಅಡಗಿದ್ದರೆ ಬಿಸಿಗೆ ಹೊರಬರುತ್ತದೆ. ಥಾವ್‌ಗೆ ಮೂಗು ಕಟ್ಟಿದೆ, ಮೂರನೆಯವರು ಬೇಕು. ಪೋಪಿಗೆ ಫೋನು ಮಾಡಿದೆ. ಯಾರದೋ ತಲೆಗೆ ಬಣ್ಣ ಹಚ್ಚಿ ಅರ್ಧಕ್ಕೇ ಬಿಟ್ಟು, ಕೈಗವಸಿನಲ್ಲೇ ಬಂದಳು. ಥಾವ್ ಮೂರು ಲೋಟ ಇಟ್ಟಳು. ಯಾವುದು ಬಿಸಿ ಮಾಡಿದ್ದು ಎಂದು ಅವಳೊಬ್ಬಳಿಗೇ ಗೊತ್ತು. ನಾವು ಮೂವರೂ ಮೂಸಿ ಚೀಟಿ ಬರೆದೆವು. ವಿಮಾನವೊಂದು ಹೋಯಿತು. ಆಮೇಲೆ ಚೀಟಿ ಬಿಚ್ಚಿದರು.

ನನ್ನದು: ಎರಡನೆಯದು, ಬೆಣ್ಣೆ. ಪೋಪಿಯದು: ಎರಡನೆಯದು, ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್. ಡೂಗಲನದು: ಮೂರೂ ಒಂದೇ.

"ಎರಡನೇದೇ," ಎಂದಳು ಥಾವ್.

ಡೂಗಲ್ ಎರಡನೆಯ ಲೋಟವನ್ನು ಮತ್ತೊಮ್ಮೆ ಮೂಸಿದ. ಪಾಪ, ಅವನಿಗೆ ಅದು ಯಾವತ್ತೂ ಸಿಗುವುದಿಲ್ಲ. ಫೋನು ಎತ್ತಿ ಲಾರಿಯವನಿಗೆ ಬರಬೇಡ ಎಂದ. "ಟ್ಯಾಂಕು ಬೆಚ್ಚಗೆ ಮಾಡಿ ಒಂದು ವಾರ ಬಿಡ್ತೀನಿ. ಯೀಸ್ಟೇ ತಿಂದು ಮುಗ್ಸತ್ತೆ. ಡಬ್ಬಿಗೆ ಹೋಗಿದ್ರೆ ಹನ್ನೊಂದು ಅಂಗಡೀಲೂ ಪಾಪ್‌ಕಾರ್ನು."

"ಶನಿವಾರಾನೇ ಹೇಳ್ಬೇಕಿತ್ತು," ಎಂದೆ.

"ಹೌದು, ಹೇಳ್ಬೇಕಿತ್ತು," ಎಂದ ಡೂಗಲ್. "ಇವತ್ತು ಹೇಳ್ದೆಯಲ್ಲ ಮಾರಾಯ್ತಿ, ನಿಂಗೆ ಪುಣ್ಯ ಬರ್ಲಿ."

"ಹಾಗಾದ್ರೆ ನನ್ ಗಿರಾಕಿ ತಲೆ ಹಸಿರಾಗೋ ಮುಂಚೆ ನಾನ್ ಹೋಗ್ಲಾ?" ಎಂದಳು ಪೋಪಿ.

ಆಗಸ್ಟ್ 29, ಶುಕ್ರವಾರ

ಗ್ಲೆನಿಸ್ ತನ್ನ ಕೋಣೆಗೆ ಕರೆದಳು. "ಏನಾಯ್ತು? ಬಂತಾ ಮೂಗು?"

ಬಂತು ಎನ್ನಲು ಬಾಯಿ ಪಾಠ ಮಾಡಿಟ್ಟುಕೊಂಡಿದ್ದೆ, ಚಳಿಗಾಲ ಪೂರ್ತಿ.

"ಅರ್ಧ," ಎಂದೆ. "ಬೆಣ್ಣೆ, ಕಿತ್ತಳೆ, ಬ್ರೆಡ್ಡು ಬರತ್ತೆ. ಸೀದದ್ದು ಒಂದೊಂದ್ಸಲ ಬರತ್ತೆ, ಒಂದೊಂದ್ಸಲ ಇಲ್ಲ. ಹಾಲು ಹುಳಿಯಾಗಿದ್ದು ಇಲ್ವೇ ಇಲ್ಲ."

ಅವಳು ಪೆನ್ನು ಕೆಳಗಿಟ್ಟಳು. ಒಲೆ ಹೋಯಿತು ಎಂದುಕೊಂಡೆ. ಆದರೂ ಮಾತು ತಾನಾಗಿ ಬಂತು. "ಒಲೆ ಕೊಟ್ರೆ ಒಂದು ಮಾಡ್ತೀನಿ. ಬಡಿಸೋಕೆ ಅರ್ಧ ಗಂಟೆ ಮುಂಚೆ, ನಮ್ಮಲ್ಲಿರೋ ಹಿರಿಯರಲ್ಲಿ ಮೂರು ಜನರನ್ನ ಊಟ ಬಡಿಸೋ ಕಿಟಕಿ ಹತ್ರ ಕರೀತೀನಿ. ಪ್ರತಿ ಪಾತ್ರೆಗೂ ಮೂರು ಚಮಚ. ಅವ್ರು ಮೂಸಿ, ರುಚಿ ನೋಡಿ, ಒಬ್ರ ಮಾತು ಇನ್ನೊಬ್ರಿಗೆ ಕೇಳ್ದೆ ಹೇಳ್ಬೇಕು. ಅವ್ರು ಸರಿ ಅಂದ್ರೇನೇ ಹೊರಗೆ ಹೋಗೋದು."

ಗ್ಲೆನಿಸ್ ಕುರ್ಚಿಗೆ ಒರಗಿದಳು. "ಫ್ರೋಸೋ, ಹೋದ್ವರ್ಷ ನಾನು ನಿನ್ ಸಾರಿಗೆ ಒಂದ್ ಚಮಚ ಅದ್ದಿದ್ದಕ್ಕೆ ನೀನು ಎರಡು ದಿನ ನನ್ ಜೊತೆ ಮಾತು ಬಿಟ್ಟಿದ್ದೆ."

"ಹೌದಾ? ನೆನಪಿಲ್ಲ."

"ಸೋಮವಾರ ಬೆಳಿಗ್ಗೆ ಬಾ. ಒಂದು ವಾರ ನೋಡೋಣ."

ಸೆಪ್ಟೆಂಬರ್ 1, ಸೋಮವಾರ

ಚಳಿಗಾಲ ಮುಗಿಯಿತು, ಭೂಮಿಯ ಈ ದಕ್ಷಿಣ ತುದಿಯಲ್ಲಿ ಇವತ್ತು ವಸಂತದ ಮೊದಲ ದಿನ. ನಿಂಬೆ, ಮೊಟ್ಟೆ ಬೆರೆಸಿದ ಕೋಳಿ ಸಾರು. ನಮ್ಮಮ್ಮ ಜ್ವರ ಬಂದವರಿಗೆ ಮಾಡುತ್ತಿದ್ದದ್ದು. ಹನ್ನೊಂದೂವರೆಗೆ ಮೂವರು ಒಬ್ಬೊಬ್ಬರಾಗಿ ಕಿಟಕಿಗೆ ಬಂದರು: ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಮೆರ್ವಿನ್, ನಮ್ಮಪ್ಪ ಅಮ್ಮನ ದೇಶದವಳೇ ಆದ ವಾಸ್ಸಿಲಿಕಿ, ಮತ್ತು ಬೆರಿಲ್. ಬೆರಿಲ್ ಊಟವನ್ನು ಕೋಣೆಗೇ ತರಿಸಿಕೊಳ್ಳುವವಳು, ನಾಲ್ಕು ವರ್ಷದಿಂದ. ಬರುವುದಿಲ್ಲ ಎಂದುಕೊಂಡೇ ಕರೆದಿದ್ದೆ. ಕೂದಲು ಬಾಚಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಕೋಲು ಊರಿಕೊಂಡು ಬಂದಳು.

ಮೆರ್ವಿನ್, "ಉಪ್ಪು ಕಮ್ಮಿ," ಎಂದ. ವಾಸ್ಸಿಲಿಕಿ, "ಯಾಕೆ ಕಂಜೂಸ್‌ತನ, ಮೊಟ್ಟೆ ಇನ್ನೆರಡು ಒಡಿಯೇ," ಎಂದಳು. ಬೆರಿಲ್ ಚಮಚ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನನಗೆ ಭಯವಾಯಿತು.

"ಏನಾದ್ರೂ ಕೆಟ್ಟಿದ್ಯಾ ಬೆರಿಲಮ್ಮ? ಸೀದಿದ್ಯಾ?"

"ಇಲ್ಲಮ್ಮ," ಎಂದಳು. "ಇಲ್ಲಿಗೆ ಬಂದಾಗಿಂದ ಎಲ್ಲರೂ ಊಟ ಆದ್ಮೇಲೆ ಕೇಳ್ತಾರೆ, ಹೇಗಿತ್ತು ಅಂತ. ಊಟಕ್ಕೆ ಮುಂಚೆ ಯಾರೂ ಕೇಳಿರ್ಲಿಲ್ಲ." ಆಮೇಲೆ ಚಮಚ ನೆಕ್ಕಿ ಕೆಳಗಿಟ್ಟು, "ನಿಂಬೆ ಇನ್ನೊಂದು ಹಿಂಡು," ಎಂದಳು.

ಹಿಂಡಿದೆ.